ಅಕ್ಕನ ಅಂಗೈ ತೆರೆಯುವಷ್ಟು ಹೊತ್ತು

ಧ್ಯಾನದಲ್ಲಿ ನನಗೊಂದು ಸರ್ಟಿಫಿಕೇಟ್ ಇದೆ. ಹಿಂದೂಪುರದಲ್ಲಿ ನಮ್ಮ ಮನೆಯಿಂದ ಎರಡು ಬೀದಿ ಆಚೆ ಒಂದು ಕಲ್ಯಾಣಮಂಟಪವಿದೆ. ಅದರ ಊಟದ ಹಾಲಿನಲ್ಲಿ ಹತ್ತು ದಿನದ ಶಿಬಿರ ನಡೆದಿತ್ತು. ಅರವತ್ತು ದಾಟಿದವರಿಗೆಂದೇ ಏರ್ಪಡಿಸಿದ್ದು, ಆದ್ದರಿಂದ ಚಾಪೆಯ ಬದಲು ಪ್ಲಾಸ್ಟಿಕ್ ಕುರ್ಚಿ. ಹಿಂದಿನ ದಿನ ಅಲ್ಲಿ ಮದುವೆಯಾಗಿದ್ದರೆ ಕಣ್ಣು ಮುಚ್ಚಿದ ಕೂಡಲೇ ಚಿತ್ರಾನ್ನದ ವಾಸನೆ ಬರುತ್ತಿತ್ತು. ಮನಸ್ಸು ಉಸಿರನ್ನು ಬಿಟ್ಟು ಆ ವಾಸನೆಯ ಹಿಂದೆಯೇ ಹೋಗುತ್ತಿತ್ತು.

ಮನೆಯವರು ತೀರಿಕೊಂಡ ಮೇಲೆ ನನ್ನ ಬಿಪಿ ಏರತೊಡಗಿತ್ತು. ಡಾಕ್ಟರು ನನ್ನ ಮಗನಿಗಿಂತ ಚಿಕ್ಕವಳು. "ಮಾತ್ರೆ ಒಂದೇ ಸಾಲದು ಆಂಟೀ, ಮೈಂಡ್ ಕೂಲ್ ಮಾಡ್ಕೊಳ್ಳಿ" ಎಂದಳು. ಕಾನ್ವೆಂಟಿನಲ್ಲಿ ಓದಿದವಳಿಗೆ ಯಾರಾದರೂ ಹೋಮ್‌ವರ್ಕ್ ಕೊಟ್ಟರೆ ಸಾಕು, ಎಪ್ಪತ್ತೊಂದು ವರ್ಷವಾದರೂ ಮಾಡಿ ಮುಗಿಸದೆ ನಿದ್ದೆ ಬರುವುದಿಲ್ಲ. ಗೀತೆಯ ಪ್ರವಚನಕ್ಕೆ ಹೋದೆ. ಉಪನಿಷತ್ತಿನ ಇಂಗ್ಲಿಷ್ ಅನುವಾದ ತರಿಸಿ ಪೆನ್ಸಿಲಿನಲ್ಲಿ ಅಂಡರ್‌ಲೈನ್ ಮಾಡಿದೆ. ಆಮೇಲೆ ಈ ಶಿಬಿರಕ್ಕೆ ಸೇರಿದೆ. ಹೇಳಿಕೊಡುತ್ತಿದ್ದವರು ತೆಲುಗಿನವರು. "ಊಪಿರಿ ಗಮನಿಂಚಂಡಿ, ಜಸ್ಟ್ ಆಬ್ಸರ್ವ್, ಏನೂ ಮಾಡ್ಬೇಡಿ" ಎಂದು, ಉಸಿರನ್ನು ಸುಮ್ಮನೆ ಗಮನಿಸುವ ಪಾಠವನ್ನು ಮೂರು ಭಾಷೆಯಲ್ಲಿ ಹೇಳುತ್ತಿದ್ದರು. ಬೆನ್ನು ನೆಟ್ಟಗಿಟ್ಟು ಕೂರುವುದನ್ನು ನನಗೆ ಸಿಸ್ಟರುಗಳು ಏಳನೇ ವಯಸ್ಸಿನಿಂದಲೇ ಕಲಿಸಿದ್ದರು. ಮೂರನೆಯ ದಿನ ಗುರುಗಳು ಎಲ್ಲರಿಗೂ ನನ್ನನ್ನು ತೋರಿಸಿ, "ಅಮ್ಮಗಾರಿನ ನೋಡಿ, ಹಿಂಗೆ ಕೂತ್ಕೋಬೇಕು" ಅಂದರು. ಆ ದಿನ ಪೂರ್ತಿ ನನಗೆ ಧ್ಯಾನ ಹತ್ತಲಿಲ್ಲ. ಅಷ್ಟು ಸಂತೋಷವಾಗಿತ್ತು.

ಶಿಬಿರ ಮುಗಿದ ಮೇಲೆ ಮಗ ನನ್ನ ಮೊಬೈಲಿನಲ್ಲಿ ಒಂದು ಆ್ಯಪ್ ಹಾಕಿಕೊಟ್ಟ. ದಿನಾ ಇಪ್ಪತ್ತು ನಿಮಿಷ ಕೂತರೆ ಅದರಲ್ಲಿ ಒಂದು ಕಮಲ ಅರಳುತ್ತದೆ. ಒಂದು ದಿನ ತಪ್ಪಿದರೆ ಕೊಳವೆಲ್ಲ ಬರಿದಾಗಿ ಮತ್ತೆ ಮೊದಲಿನಿಂದ. ನನ್ನ ಕೊಳ ತುಂಬಿತ್ತು. ಬಿಪಿ ಮಾತ್ರ ಎಲ್ಲಿತ್ತೋ ಅಲ್ಲೇ ಇತ್ತು.

ಹೀಗಿರುವಾಗ ಕಲ್ಯಾಣದುರ್ಗದಿಂದ ಅಕ್ಕನ ಸೊಸೆ ಫೋನ್ ಮಾಡಿದಳು.

"ಚಿಕ್ಕತ್ತೆ, ಅತ್ತೆ ಊಟ ಬಿಟ್ಬುಟ್ಟವ್ರೆ. ಇವತ್ತಿಗೆ ನಾಲ್ಕು ದಿನ. ಮಾತ್ರೆಗೆ ಅಂತ ಮಜ್ಜಿಗೆ ನೀರು ಬಿಟ್ರೆ ಏನೂ ಒಲ್ಲೆ ಅಂತಾರೆ. ಸಕ್ಕರೆ ಕಾಯಿಲೆಯೋರು, ಮಾತ್ರೆ ನುಂಗಿ ಬರೀ ಹೊಟ್ಟೇಲಿ ಕೂತವ್ರೆ. ನೆನ್ನೆ ಬೆವತು ನೀರಾಗೋದ್ರು."

"ಯಾಕೆ ಅಂತೆ?"

"ಪೂಜೆ ಆಗಿಲ್ವಂತೆ, ಅದ್ಕೆ."

"ಮಾಡಿಸು ಮತ್ತೆ."

"ಕೈ ಬರ್ಬೇಕಲ್ಲ ಚಿಕ್ಕತ್ತೆ! ಎಡಗೈ ಮುಷ್ಟಿ ಕಟ್ಕಂಡ್ಬುಟ್ಟೈತೆ, ಬಿಚ್ಚಲ್ಲ ಅಂತೈತೆ. ನೀವು ಅದೇನೋ ಮೆಡಿಟೇಶನ್‌ನಾಗೆ ಸರ್ಟಿಫಿಕೇಟ್ ತಗಂಡಿದೀರಲ್ಲ, ಬಂದು ನಾಕು ಬುದ್ಧಿಮಾತು ಹೇಳಿ. ನಮ್ಮ ಮಾತು ಅವರ ಕಿವೀಗೇ ಹೋಗಲ್ಲ."

ನಮ್ಮದು ಲಿಂಗ ಕಟ್ಟಿದ ಮನೆತನ. ಅಪ್ಪ ಕಡಲೇಕಾಯಿ ವ್ಯಾಪಾರದವರು. ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಹದಿನಾರಕ್ಕೆ ಮದುವೆಯಾಗಿ ಕಲ್ಯಾಣದುರ್ಗ ಸೇರಿದಳು. ಅಷ್ಟರಲ್ಲಿ ಅಮ್ಮ ಹೋಗಿಬಿಟ್ಟಿದ್ದಳು. ಹೆಣ್ಣುಮಗುವಿನ ತಲೆ ಬಾಚುವುದು ಹೇಗೆಂದು ತಿಳಿಯದ ಅಪ್ಪ ನನ್ನನ್ನು ಬಳ್ಳಾರಿಯ ಕಾನ್ವೆಂಟಿನ ಬೋರ್ಡಿಂಗಿಗೆ ಹಾಕಿದರು. ರಜೆ ಬಂದರೆ ನಾನು ಹೋಗುತ್ತಿದ್ದುದು ಅಕ್ಕನ ಮನೆಗೆ. ಬೆಳಿಗ್ಗೆ ಎದ್ದಾಗ ಅವಳು ಸ್ನಾನ ಮುಗಿಸಿ, ಕೊರಳಿನ ಬೆಳ್ಳಿ ಕರಡಿಗೆಯಿಂದ ಲಿಂಗ ತೆಗೆದು ಎಡ ಅಂಗೈ ಮೇಲಿಟ್ಟುಕೊಂಡು ಕೂತಿರುತ್ತಿದ್ದಳು. ಬಲಗೈಯಿಂದ ನೀರು, ವಿಭೂತಿ, ಒಂದು ಹೂವು. ಆಮೇಲೆ ಅಂಗೈಯನ್ನು ಕಣ್ಣಿನೆತ್ತರಕ್ಕೆ ಎತ್ತಿ ನೋಡುತ್ತ ಕೂರುವುದು. ಎವೆಯಿಕ್ಕುತ್ತಿದ್ದಳೋ ಇಲ್ಲವೋ, ನನಗೆ ತಿಳಿಯುತ್ತಿರಲಿಲ್ಲ. ಅದಾಗದೆ ಅವಳು ಒಂದು ತೊಟ್ಟು ಕಾಫಿ ಮುಟ್ಟಿದವಳಲ್ಲ. ಹೆರಿಗೆಯಾದ ಮರುದಿನವೂ, ಭಾವ ತೀರಿಕೊಂಡ ದಿನವೂ.

ಎರಡು ತಿಂಗಳ ಹಿಂದೆ ಅವಳಿಗೆ ಸ್ಟ್ರೋಕ್ ಆಗಿತ್ತು. ಮಾತು ಉಳಿಯಿತು, ಎಡಗೈ ಎಡಗಾಲು ಹೋದವು. ಮೊದಲು ಕೈ ಒದ್ದೆ ಬಟ್ಟೆಯ ಹಾಗೆ ಬಿದ್ದಿರುತ್ತಿತ್ತು. ಅದನ್ನೇ ದಿಂಬಿನ ಮೇಲೆ ಅಂಗಾತ ಇಡಿಸಿಕೊಂಡು ಪೂಜೆ ನಡೆಸಿದಳು. ಆಮೇಲೆ ಬೆರಳುಗಳು ದಿನದಿನಕ್ಕೆ ಒಳಗೆ ಮಡಚಿಕೊಳ್ಳುತ್ತ ಬಂದು, ಈಗ ಪೂರ್ತಿ ಮುಚ್ಚಿಕೊಂಡುಬಿಟ್ಟಿದ್ದವು.

ಹಿಂದೂಪುರದಿಂದ ಮಡಕಶಿರಾ, ಅಲ್ಲಿಂದ ಪಾವಗಡದ ಮೇಲೆ ಕಲ್ಯಾಣದುರ್ಗ. ಬಸ್ಸು ನಡುವೆ ಸ್ವಲ್ಪ ಹೊತ್ತು ಕರ್ನಾಟಕಕ್ಕೆ ನುಗ್ಗಿ ಮತ್ತೆ ಆಂಧ್ರಕ್ಕೆ ಬರುತ್ತದೆ. ಅಂಗಡಿ ಬೋರ್ಡುಗಳ ಅಕ್ಷರದ ತಲೆಕಟ್ಟು ಬದಲಾದಾಗಲೇ ಅದು ಗೊತ್ತಾಗುವುದು. ಒಳಗೆ ಕೂತವರ ಮಾತು ಎರಡು ಕಡೆಯೂ ಒಂದೇ. ನಾನು ದಾರಿಯುದ್ದಕ್ಕೂ ಅಕ್ಕನಿಗೆ ಏನು ಹೇಳಬೇಕೆಂದು ಮನಸ್ಸಿನಲ್ಲೇ ಪ್ರಿಪೇರ್ ಮಾಡಿಕೊಂಡೆ. ಬಾಹ್ಯ ಆಚರಣೆ ಮುಖ್ಯವಲ್ಲ, ಭಾವ ಮುಖ್ಯ. ದೇಹ ಬದಲಾದಂತೆ ಸಾಧನೆಯೂ ಬದಲಾಗಬೇಕು. ಪಾಯಿಂಟುಗಳು ಚೆನ್ನಾಗಿದ್ದವು.

ಅಕ್ಕ ನಡುಮನೆಯ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಕೆನ್ನೆ ಒಳಗೆ ಹೋಗಿತ್ತು. ಎಡಗೈ ಎದೆಗೆ ಅಂಟಿಕೊಂಡಿತ್ತು, ಹೆಬ್ಬೆರಳನ್ನು ನಾಲ್ಕು ಬೆರಳು ಒಳಗೆ ಅಮುಕಿ ಹಿಡಿದಿದ್ದವು. ಏನನ್ನೋ ಕದ್ದು ಬಚ್ಚಿಟ್ಟುಕೊಂಡ ಹುಡುಗಿಯ ಕೈಯ ಹಾಗಿತ್ತು.

"ಬಂದ್ಯಾ? ಇವಳು ಫೋನ್ ಮಾಡಿ ಕರೆಸಿದ್ಳಾ? ಯಾರು ಸತ್ರು ಅಂತ ಹೇಳಿದ್ಳು?" ಎಂದಳು.

"ಊಟ ಮಾಡ್ತಿಲ್ವಂತೆ."

"ಮಾಡ್ತೀನಿ. ಪೂಜೆ ಆಗ್ಲಿ, ಮಾಡ್ತೀನಿ. ನಾನೇನು ಉಪವಾಸ ಸತ್ಯಾಗ್ರಹ ಕೂತಿಲ್ಲ ಕಣೇ."

ಸೊಸೆ ಅಡಿಗೆಮನೆಯ ಬಾಗಿಲಿಂದಲೇ ಶುರುಮಾಡಿದಳು. "ಅಯ್ಯನೋರು ಬಂದು ಹೇಳಿದ್ರು ಚಿಕ್ಕತ್ತೆ, ಬಲಗೈಲಿ ಹಿಡ್ಕಂಡ್ರೂ ದೋಷ ಇಲ್ಲ ತಾಯಿ ಅಂತ. ಇಲ್ಲಾ ಮುಂದೆ ಒಂದು ಪೀಠ ಇಟ್ಕಳಿ ಅಂದ್ರು. ಅವರ ಮುಂದೆ ಹೂಂ ಹೂಂ ಅಂದು ಕೈಮುಗಿದ್ರು. ಅವರು ಅತ್ತ ಹೋಗಿದ್ದೇ ತಡ, ಇಲ್ಲ ಅಂದ್ಬುಟ್ರು."

"ಅಯ್ಯನೋರಿಗೆ ಹೊಟ್ಟೆ ತುಂಬಿತ್ತು, ಹೇಳಿದ್ರು" ಎಂದಳು ಅಕ್ಕ. "ಬಲಗೈಲಿ ಲಿಂಗ ಹಿಡ್ದು, ಹೂವ ಏನು ಬಾಯಲ್ಲಿ ಏರಿಸ್ಲಾ? ಬಲಗೈ ಕೊಡೋ ಕೈ ಕಣೇ. ಎಡಗೈ ಇಟ್ಕಳೋ ಕೈ. ಅರವತ್ತೈದು ವರ್ಷ ಅಲ್ಲೇ ಕೂತೋನಿಗೆ ಈಗ ಜಾಗ ಖಾಲಿ ಮಾಡು ಅನ್ಲಾ?"

"ಪೀಠ ಇಡಬಹುದಲ್ಲ ಅಕ್ಕ."

"ಪೀಠಕ್ಕೆ ಬಿಸಿ ಐತಾ? ಮೈಬಿಸಿ ಬೇಕು."

ನಾನು ನನ್ನ ಪಾಯಿಂಟುಗಳನ್ನು ಒಂದೊಂದಾಗಿ ಹೇಳಿದೆ. ದೇವರು ಒಳಗಿದ್ದಾನೆ, ಹೊರಗಿನದು ಸಿಂಬಲ್ ಮಾತ್ರ ಎಂದೆ. ಆಮೇಲೆ ಮೊಬೈಲ್ ತೆಗೆದು, ಬೆರಳುಗಳನ್ನು ಸಡಿಲಿಸುವ ಒಂದು ಗೈಡೆಡ್ ಮೆಡಿಟೇಶನ್ ಹಾಕಿದೆ. ಹೆಂಗಸಿನ ದನಿ ಬಹಳ ನಯವಾಗಿ ಭುಜ ಬಿಡಿ, ಮೊಣಕೈ ಬಿಡಿ, ಬೆರಳು ಬಿಡಿ ಎನ್ನುತ್ತಿತ್ತು.

ಅಕ್ಕ ಸ್ವಲ್ಪ ಹೊತ್ತು ತಲೆ ಓರೆ ಮಾಡಿ ಕೇಳಿದಳು. "ಇವಳ್ಯಾರೇ, ಬಸ್‌ಸ್ಟ್ಯಾಂಡಲ್ಲಿ ಕೂಗೋ ಹಂಗೆ ಕೂಗ್ತಾಳೆ? ಸೆಟ್ಟೂರು ಬಸ್ಸು ಬಿಡ್ತದೆ ಅಂತ ಒಂದು ಹೇಳಿಲ್ಲ, ಅಷ್ಟೇಯ."

ಸೊಸೆ ಸೆರಗು ಬಾಯಿಗಿಟ್ಟು ನಕ್ಕಳು. ನನಗೆ ಸಿಟ್ಟು ಬಂತು. "ನಿನಗೋಸ್ಕರ ಅಷ್ಟು ದೂರದಿಂದ ಬಂದೆ, ಯೂ ಆರ್ ಮೇಕಿಂಗ್ ಫನ್ ಆಫ್ ಮಿ" ಎಂದೆ. ಸಿಟ್ಟು ಬಂದಾಗ ನನಗೆ ಇಂಗ್ಲಿಷ್ ಬರುತ್ತದೆ. ಅಕ್ಕನಿಗೆ ಇಂಗ್ಲಿಷ್ ಬಾರದು, ನನ್ನ ಸಿಟ್ಟು ಚೆನ್ನಾಗಿ ಬರುತ್ತದೆ.

"ಒಳಗವ್ನೆ ಅಂತೀಯಲ್ಲ, ನೀನು ನೋಡಿದೀಯಾ?" ಎಂದಳು, ಈ ಸಲ ತಮಾಷೆ ಇಲ್ಲದೆ. "ನಾನು ನೋಡಿಲ್ಲ ಕಣೇ. ನನಗೆ ಅಂಗೈ ಮೇಲೆ ಕೂತಿರೋನೇ ಗೊತ್ತು. ನಿನ್ನೋನು ಬೀರೂನಾಗೆ ಕೂತು ಧ್ಯಾನ ಮಾಡ್ತಾವ್ನೆ, ನೀನು ಮೊಬೈಲ್‌ನಾಗೆ ಮಾಡ್ತೀಯ. ನಿಮ್ಮಿಬ್ಬರ ಮಾತು ನಂಗೆ ಬ್ಯಾಡ."

ಮೊಬೈಲ್ ಆರಿಸಿ ಬ್ಯಾಗಿಗೆ ಹಾಕಿದೆ. ಬೀರುವಿನಲ್ಲಿರುವುದು ನನ್ನ ಲಿಂಗ. ಬೋರ್ಡಿಂಗಿನ ಮೊದಲ ತಿಂಗಳಲ್ಲಿ ಒಬ್ಬ ಸಿಸ್ಟರ್ ನನ್ನ ಕೊರಳಿನ ಬೆಳ್ಳಿ ಕರಡಿಗೆ ನೋಡಿ, ಅದರಲ್ಲಿ ಏನಿದೆ ಎಂದು ಬರೀ ಕುತೂಹಲದಿಂದ ಕೇಳಿದ್ದರು. ಸುತ್ತ ಹುಡುಗಿಯರೆಲ್ಲ ನೋಡುತ್ತಿದ್ದರು. "ಮೆಡಿಸಿನ್, ಸಿಸ್ಟರ್" ಎಂದುಬಿಟ್ಟೆ. ಯಾರೂ ತೆಗೆ ಎನ್ನಲಿಲ್ಲ, ಅದನ್ನು ಹೇಳಲೇಬೇಕು. ಮರುದಿನ ನಾನೇ ತೆಗೆದು ಪೆನ್ಸಿಲ್ ಬಾಕ್ಸಿನಲ್ಲಿಟ್ಟೆ. ಅಲ್ಲಿಂದ ಟ್ರಂಕಿಗೆ, ಟ್ರಂಕಿನಿಂದ ಬೀರುವಿಗೆ. ಮದುವೆಯ ದಿನ ಕಟ್ಟಿಕೊಂಡಿದ್ದೆ, ಫೋಟೋದಲ್ಲಿದೆ. ವರ್ಷಕ್ಕೊಮ್ಮೆ ಕಾನ್ವೆಂಟಿನಲ್ಲಿ ಮೂರು ದಿನ ರಿಟ್ರೀಟ್ ಇರುತ್ತಿತ್ತು. ಕ್ರಿಶ್ಚಿಯನ್ ಹುಡುಗಿಯರು ಚ್ಯಾಪೆಲಿನಲ್ಲಿ ಮೌನವಾಗಿ ಕೂರುವಾಗ ನಮ್ಮಂಥವರನ್ನು ಲೈಬ್ರರಿಯಲ್ಲಿ ಕೂರಿಸುತ್ತಿದ್ದರು. ಕಿಟಕಿಯಿಂದ ಅವರ ಬಗ್ಗಿದ ತಲೆಗಳು ಕಾಣುತ್ತಿದ್ದವು. ಅವರಿಗೆ ಏನೋ ಸಿಗುತ್ತಿದೆ, ನನಗೆ ಸಿಗುತ್ತಿಲ್ಲ ಎಂಬ ಭಾವನೆ ಆಗ ಹತ್ತಿದ್ದು, ಈ ವಯಸ್ಸಿನವರೆಗೂ ಬಿಟ್ಟಿಲ್ಲ. ಪ್ರವಚನ, ಪುಸ್ತಕ, ಶಿಬಿರ ಎಲ್ಲವೂ ಆ ಕಿಟಕಿಯಿಂದ ನೋಡಿದ್ದೇ.

ಆ ಸಂಜೆ ಅಕ್ಕ ಅರ್ಧ ಲೋಟ ಮಜ್ಜಿಗೆ ಕುಡಿದು ಮಲಗಿದಳು. ಸೊಸೆ ಮಲಗುವ ಮುಂಚೆ ಒಮ್ಮೆ ಮುಷ್ಟಿ ಬಿಡಿಸಲು ನೋಡಿದಳು. ಪಾಪ, ಬೆಳಿಗ್ಗೆಯಿಂದ ಮನೆ ಮುಂದಿನ ಬೀಜದ ಅಂಗಡಿ, ಅಡಿಗೆ, ಮಾವನ ತಿಥಿಯ ಕೆಲಸ ಎಲ್ಲ ಅವಳ ಮೇಲೆಯೇ. ಒಂದು ಬೆರಳು ಹಿಡಿದು ಎಳೆದಳು. ಎಳೆದಷ್ಟೂ ಕೈ ಬಿಗಿಯಿತು, ಮೊಣಕೈ ಮಡಚಿ ಮುಷ್ಟಿ ಗದ್ದಕ್ಕೆ ಬಂದು ತಾಗಿತು. ಅಕ್ಕ ಕಣ್ಣು ಮುಚ್ಚಿ ಹಲ್ಲು ಕಚ್ಚಿದಳು. ಅಂಗೈಯೊಳಗೆ ಉಗುರಿನ ಗಾಯಗಳಾಗಿದ್ದವು.

"ಫಿಸಿಯೋ ಮೇಡಂ ಏನು ಹೇಳಿದ್ರು?" ಎಂದು ಕೇಳಿದೆ.

"ಎಳೀಬ್ಯಾಡ, ಮೆಲ್ಲಗೆ ಮಾಡು ಅಂದ್ರು. ಮೆಲ್ಲಗೆ ಮಾಡೋಕೆ ಈ ಮನೇಲಿ ಯಾರಿಗೆ ಟೈಮ್ ಐತೆ ಚಿಕ್ಕತ್ತೆ?"

ನನಗಿತ್ತು. ಟೈಮ್ ಒಂದೇ ಇದ್ದದ್ದು.

ಬೆಳಿಗ್ಗೆ ಅಕ್ಕನ ಸ್ನಾನವಾದ ಮೇಲೆ ನಾನೂ ಸ್ನಾನ ಮಾಡಿ ಬಂದು ಅವಳ ಎಡಬದಿಗೆ ಕೂತೆ. ಅವಳು ನನ್ನ ಮುಖ ನೋಡಿ, "ಹಣೇಲಿರೋ ಆ ಸ್ಟಿಕ್ಕರ್ ಕಿತ್ತಾಕು. ಈಬೂತಿ ಇಟ್ಕ" ಎಂದಳು. ಇಟ್ಟುಕೊಂಡೆ. ಮುಷ್ಟಿಯನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡು, ಕೆಳಗೊಂದು ಮೇಲೊಂದು ಕೈಯಿಟ್ಟು ಸುಮ್ಮನೆ ಕೂತೆ. ಹುಳಿ ಬೆವರಿನ ವಾಸನೆ ಬರುತ್ತಿತ್ತು. ಮುಚ್ಚಿದ ಅಂಗೈಗೆ ಗಾಳಿ ತಾಗದೆ ಹಾಗಾಗುತ್ತದಂತೆ.

ಮೊದಲ ಹತ್ತು ನಿಮಿಷ ಏನೂ ಆಗಲಿಲ್ಲ. ನನಗೆ ಬೇಸರ ಬಂತು, ಆಮೇಲೆ ಆ್ಯಪಿನ ಕಮಲ ನೆನಪಾಯಿತು, ಆಮೇಲೆ ಗ್ಯಾಸ್ ಸ್ಟವ್ ಆರಿಸಿದೆನಾ ಎಂಬ ಸಂಶಯ. ಹಾಗೇ ಕೂತಿರುವಾಗ ಒಂದು ವಿಷಯ ಗಮನಕ್ಕೆ ಬಂತು. ಅಕ್ಕ ಉಸಿರು ಬಿಟ್ಟಾಗ ಮುಷ್ಟಿ ಒಂದು ಎಳೆಯಷ್ಟು ಸಡಿಲವಾಗುತ್ತಿತ್ತು. ಎಳೆದುಕೊಂಡಾಗ ಮತ್ತೆ ಬಿಗಿ. ಕಣ್ಣಿಗೆ ಕಾಣುವಂಥದ್ದಲ್ಲ, ಕೈಗೆ ಮಾತ್ರ ತಿಳಿಯುವಂಥದ್ದು. ಅವಳು ಬಿಟ್ಟಾಗ ನಾನು ನನ್ನ ಕಿರುಬೆರಳನ್ನು ಅವಳ ಕಿರುಬೆರಳಿನ ಕೆಳಗೆ ಒಂದಿಷ್ಟು ಜರುಗಿಸುತ್ತಿದ್ದೆ. ಎಳೆದುಕೊಂಡಾಗ ಇದ್ದಲ್ಲೇ ಇರುತ್ತಿದ್ದೆ. ಒಂದು ಸಲ, ಬಿಚ್ಚುತ್ತಿದೆ, ಬಿಚ್ಚುತ್ತಿದೆ ಎಂದು ನನಗೆ ಒಳಗೇ ಖುಷಿಯಾಯಿತು. ತಕ್ಷಣ ಮುಷ್ಟಿ ಕಲ್ಲಾಯಿತು. ನಾನು ಬೆರಳು ಅಲ್ಲಾಡಿಸಿರಲಿಲ್ಲ, ಆಣೆಗೂ. ನನ್ನ ಖುಷಿಯ ಆತುರ ಚರ್ಮದ ಮೂಲಕ ಹೋಗಿತ್ತೇನೋ.

ಮತ್ತೆ ಮೊದಲಿನಿಂದ. ಶಿಬಿರದಲ್ಲಿ ಹತ್ತು ದಿನವೂ ಏನೂ ಮಾಡಬೇಡಿ ಎಂದು ಹೇಳಿದ್ದರಲ್ಲ, ನಾನು ಹತ್ತು ದಿನವೂ ಏನೂ ಮಾಡದಿರುವುದನ್ನು ಬಹಳ ಚೆನ್ನಾಗಿ ಮಾಡಿದ್ದೆ. ಇಲ್ಲಿ ಅದು ನಡೆಯಲಿಲ್ಲ. ಚೆನ್ನಾಗಿ ಮಾಡಲು ಹೋದರೆ ಮುಷ್ಟಿ ಬಿಗಿಯುತ್ತಿತ್ತು. ಗೋಡೆಯ ಗಡಿಯಾರದಲ್ಲಿ ಮುಕ್ಕಾಲು ಗಂಟೆ ಕಳೆದಿರಬೇಕು. ಕಿರುಬೆರಳು, ಉಂಗುರದ ಬೆರಳು, ನಡುಬೆರಳು, ತೋರುಬೆರಳು, ಕೊನೆಗೆ ಹೆಬ್ಬೆರಳು. ಅಂಗೈ ತೆರೆಯಿತು. ಬೆಳ್ಳಗೆ, ನೀರಿನಲ್ಲಿ ನೆನೆದ ಹಾಗೆ ಸುಕ್ಕಾಗಿತ್ತು.

ಸೊಸೆ ಬಂದು ಒದ್ದೆ ಬಟ್ಟೆಯಲ್ಲಿ ಅಂಗೈ ಒರೆಸಿ, ಕರಡಿಗೆಯ ಮುಚ್ಚಳ ತೆಗೆದು ಹಿಡಿದಳು. ನಾನು ಬಾಗಿದೆ.

"ನೀನು ಅವನ್ನ ಮುಟ್ಬ್ಯಾಡ" ಎಂದಳು ಅಕ್ಕ. "ನನ್ನ ಕೈನ ಮುಟ್ಟು, ಸಾಕು."

ಅದು ಸರಿಯೇ. ಒಬ್ಬರ ಲಿಂಗ ಇನ್ನೊಬ್ಬರು ಮುಟ್ಟುವಂತಿಲ್ಲ. ಅದು ಅವರ ಪ್ರಾಣವಿದ್ದ ಹಾಗೆ. ಅವಳು ಬಲಗೈಯಿಂದ ತಾನೇ ತೆಗೆದು ಎಡ ಅಂಗೈ ಮೇಲಿಟ್ಟುಕೊಂಡಳು. ಕೆಳಗೆ ನನ್ನ ಎರಡು ಕೈ. ನೀರು, ವಿಭೂತಿ, ಅಂಗಳದ ಕಣಗಿಲೆಯ ಒಂದು ಹೂವು. ಆಮೇಲೆ ಅವಳು ನೋಡುತ್ತ ಕೂತಳು. ನಾನೂ ನೋಡಿದೆ. ಕಪ್ಪಗೆ, ನೇರಳೆಹಣ್ಣಿನಷ್ಟು. ನನಗೆ ಯಾವ ಅನುಭವವೂ ಆಗಲಿಲ್ಲ. ಕೈ ಸೋಲುತ್ತಿದೆ, ಬೀಳಬಾರದು, ಅಷ್ಟೇ ಇತ್ತು ಮನಸ್ಸಿನಲ್ಲಿ. ಬೇರೆ ಏನೂ ಇರಲಿಲ್ಲ. ಅದು ಎಷ್ಟು ವಿಚಿತ್ರ ಎಂದು ಆಮೇಲೆ ಹೊಳೆಯಿತು.

ಪೂಜೆ ಮುಗಿಸಿ ಲಿಂಗವನ್ನು ಕರಡಿಗೆಗೆ ಸೇರಿಸಿ, "ಏನ್ ಮಾಡಿದೀಯೇ ತಿನ್ನೋಕೆ?" ಎಂದು ಸೊಸೆಯನ್ನು ಕೇಳಿದಳು. ರಾಗಿ ಗಂಜಿ, ಹುಚ್ಚೆಳ್ಳು ಚಟ್ನಿ. ಎರಡು ಬಟ್ಟಲು ಕುಡಿದಳು. ಸೊಸೆ ಬಾಗಿಲ ಹಿಂದೆ ಹೋಗಿ ಕಣ್ಣೊರೆಸಿಕೊಂಡು ಬಂದು, "ನಾಕು ದಿನ ನಮ್ಮ ಪ್ರಾಣ ತಿಂದ್ರಿ, ಅದ್ಕೇ ಹೊಟ್ಟೆ ಹಸೀಲಿಲ್ಲ ನಿಮ್ಗೆ" ಎಂದು ಬೈದಳು. ಅಕ್ಕ ಚಟ್ನಿ ಇನ್ನೊಂದಿಷ್ಟು ಹಾಕು ಎಂದಳು.

ಎರಡು ದಿನಕ್ಕೆಂದು ಹೋದವಳು ಮೂರು ವಾರ ನಿಂತೆ. ಮುಷ್ಟಿಗೆ ಅದರದೇ ದಿನಗಳಿದ್ದವು. ಒಂದೊಂದು ದಿನ ಇಪ್ಪತ್ತು ನಿಮಿಷಕ್ಕೆ ಬಿಚ್ಚುತ್ತಿತ್ತು, ಒಂದೊಂದು ದಿನ ಗಂಟೆಗೂ ಮೀರಿ. ಮನೆಯಲ್ಲಿ ಹಿಂದಿನ ದಿನ ಜಗಳವಾಗಿದ್ದರೆ ಅದಕ್ಕೆ ಗೊತ್ತಿರುತ್ತಿತ್ತು. ಸೊಸೆಯೂ ಕೂತು ಕಲಿಯಲು ನೋಡಿದಳು. ಐದು ನಿಮಿಷಕ್ಕೆ ಅಂಗಡಿಯಿಂದ ಯಾರೋ ಕೂಗುತ್ತಿದ್ದರು, "ಒಸ್ತಾನಾ, ಬಂದೆ ಬಂದೆ" ಎನ್ನುತ್ತ ಎದ್ದು ಓಡುತ್ತಿದ್ದಳು. ಬೆಳುಗುಪ್ಪದ ಕಡೆಯ ಒಬ್ಬ ಮುದುಕಿ ಹತ್ತಿಬೀಜಕ್ಕೆಂದು ಅಂಗಡಿಗೆ ಬಂದವಳು ಒಳಗೆ ಇಣುಕಿ, ನಾವಿಬ್ಬರೂ ಕೈ ಹಿಡಿದು ಕೂತದ್ದು ನೋಡಿ, "ಇದೇನಮ್ಮ, ಅಕ್ಕತಂಗೀರು ಪಂಜ ಕುಸ್ತಿ ಆಡ್ತಾ ಇದೀರಾ?" ಎಂದು ಕೇಳಿ ಹೋದಳು.

ಮೂರನೆಯ ವಾರ ಹಿಂದೂಪುರದ ಶಿಬಿರದವರಿಂದ ಮೆಸೇಜು ಬಂತು. ಲೆವೆಲ್ ಟು ಸೋಮವಾರದಿಂದ. ಅಡ್ವಾನ್ಸ್ಡ್ ಸಾಧಕರಿಗೆ ಮಾತ್ರ, ನಿಮ್ಮ ಹೆಸರಿದೆ, ಭಾನುವಾರ ಸಂಜೆಯೊಳಗೆ ಬಂದು ರಿಪೋರ್ಟ್ ಮಾಡಿ ಎಂದಿತ್ತು. ನನಗೆ ಆಸೆಯಾಯಿತು, ಸುಳ್ಳೇಕೆ. ಸೊಸೆಗೆ ಈಗ ಅಷ್ಟಿಷ್ಟು ಬರುತ್ತದೆ, ಫಿಸಿಯೋ ಮೇಡಂ ಇದ್ದಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಭಾನುವಾರ ಒಂಬತ್ತೂವರೆಯ ಬಸ್ಸಿಗೆ ಹೋಗುವುದೆಂದು ಬ್ಯಾಗ್ ತುಂಬಿ ಬಾಗಿಲ ಬಳಿ ಇಟ್ಟು, ಆ ಬೆಳಿಗ್ಗೆ ಅಕ್ಕನ ಪಕ್ಕ ಕೂತೆ.

ಅವತ್ತು ಮುಷ್ಟಿ ಬೇಗ ಬಿಚ್ಚಿತು. ಅರ್ಧ ಗಂಟೆಯೂ ಆಗಿರಲಿಲ್ಲ. ಅಕ್ಕ ಲಿಂಗವನ್ನಿಟ್ಟುಕೊಂಡು ನೀರೆರೆದು ವಿಭೂತಿ ಹಚ್ಚಿ, ಹೂವಿಗೆ ಕೈ ಚಾಚಿದಳು. ನಾನು ಗಡಿಯಾರ ನೋಡಿದೆ. ಒಂಬತ್ತಾಗಲು ಹತ್ತು. ತಲೆಯನ್ನೇನೂ ತಿರುಗಿಸಲಿಲ್ಲ, ಕಣ್ಣಷ್ಟೇ ಹೋಗಿ ಬಂತು. ಆಟೋ ಸಿಗುತ್ತದೋ ಇಲ್ಲವೋ ಎಂದು ಒಂದು ಯೋಚನೆ ಬಂತು, ಅದರ ಜೊತೆಗೆ ನನ್ನ ಕೈಗಳು ಕೆಳಗಿನಿಂದ ಒಂದು ಕೂದಲೆಳೆಯಷ್ಟು ಎತ್ತಿರಬೇಕು, ಬೇಗ ಎನ್ನುವ ಹಾಗೆ.

ಅಂಗೈ ಮುಚ್ಚಿಕೊಂಡಿತು. ಲಿಂಗದ ಸಮೇತ.

ಸೊಸೆ ಹೂವಿನ ತಟ್ಟೆ ಹಿಡಿದವಳು ಹಾಗೇ ನಿಂತಳು. "ಅಯ್ಯಯ್ಯೋ ಶಿವನೇ" ಎಂದು ಅಳತೊಡಗಿದಳು. ಪೂಜೆ ನಡುವೆ ನಿಂತಿತ್ತು. ಹೂವು ಏರಿರಲಿಲ್ಲ, ಅವಳು ನೋಡಿರಲಿಲ್ಲ. ಬಿಡಿಸಲು ಹೋದರೆ ಇನ್ನೂ ಬಿಗಿಯುತ್ತದೆ, ಇಲ್ಲವೇ ಒಮ್ಮೆಲೇ ಚಿಮ್ಮಿ ನೆಲಕ್ಕೆ ಬೀಳುತ್ತದೆ. ಲಿಂಗ ನೆಲಕ್ಕೆ ಬಿದ್ದರೆ ಅಕ್ಕನಂಥವಳು ಬದುಕಿಯೂ ಬದುಕಿದ ಹಾಗಲ್ಲ. ಮುಷ್ಟಿ ಹಾಗೇ ಇದ್ದರೆ ಪೂಜೆಯಿಲ್ಲ, ಪೂಜೆಯಿಲ್ಲದಿದ್ದರೆ ಊಟವಿಲ್ಲ. ಮೂರು ವಾರದ್ದೆಲ್ಲ ನಾನು ಗಡಿಯಾರ ನೋಡಿದ ಆ ಒಂದು ಕ್ಷಣದಲ್ಲಿ ಹೋಯಿತು.

"ಅಕ್ಕ, ನಂದೇ ತಪ್ಪು. ನಾನು ಅವಸರ ಮಾಡಿದೆ."

ಅವಳು ನನ್ನ ಕಡೆ ನೋಡಲಿಲ್ಲ. ತನ್ನ ಮುಷ್ಟಿಯನ್ನೇ ನೋಡುತ್ತಿದ್ದಳು. ಎಷ್ಟು ಹೊತ್ತೆಂದು ಈ ಸಲ ನಾನು ನೋಡಲಿಲ್ಲ. ಬೆರಳ ಸಂದಿಯಲ್ಲಿ ವಿಭೂತಿಯ ಬೂದು ಕಾಣುತ್ತಿತ್ತು. ಆಮೇಲೆ ಅವಳು ಬಲಗೈಯಿಂದ ಕಣಗಿಲೆಯ ಹೂವು ತೆಗೆದುಕೊಂಡು ಮುಚ್ಚಿದ ಮುಷ್ಟಿಯ ಮೇಲೆಯೇ ಇಟ್ಟಳು. ಮುಷ್ಟಿಯನ್ನು ಎದೆಗೆ ಒತ್ತಿಕೊಂಡು ಕಣ್ಣು ಮುಚ್ಚಿದಳು. ಅಕ್ಕ ಪೂಜೆಯಲ್ಲಿ ಕಣ್ಣು ಮುಚ್ಚಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಕಣ್ಣು ತೆರೆದು, "ಪೋನೀಲೇ, ಹೋಗ್ಲಿ ಬಿಡು" ಎಂದಳು. "ಇಷ್ಟು ವರ್ಷ ನಾನು ಇಟ್ಕಂಡಿದ್ದೆ. ಇವತ್ತು ಹಿಡ್ಕಂಡೆ. ಯಾಕೆ ಅಳ್ತೀಯೇ ನೀನು, ಯಾರಾದ್ರೂ ಕದ್ಕಂಡು ಹೋದ್ರಾ? ಒಳಗವ್ನೆ. ಗಂಜಿ ತಾ."

"ಪೂಜೆ?" ಎಂದಳು ಸೊಸೆ, ಮೂಗು ಸೀಟುತ್ತ.

"ಆಯ್ತಲ್ಲ."

ಬಲಗೈಯಲ್ಲಿ ಬಟ್ಟಲು ಹಿಡಿದು ಗಂಜಿ ಕುಡಿದಳು. ಎಡ ಮುಷ್ಟಿ ಎದೆಯ ಮೇಲೇ ಇತ್ತು. ಹೂವು ಜಾರಿ ಮಡಿಲಿಗೆ ಬಿದ್ದಿತ್ತು. ಮಾತ್ರೆ ನುಂಗಿ, ದಿಂಬಿಗೆ ತಲೆಯಿಟ್ಟವಳು ಹಾಗೇ ನಿದ್ದೆಹೋದಳು. ನನಗೆ ಒಂದು ಬೈಗುಳವೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು ಎನ್ನಿಸಿತು. ಕಾನ್ವೆಂಟಿನಲ್ಲಿ ತಪ್ಪು ಒಪ್ಪಿಕೊಂಡರೆ ಒಂದು ಶಿಕ್ಷೆಯಾದರೂ ಸಿಗುತ್ತಿತ್ತು.

ನಾನು ಮಂಚದ ಪಕ್ಕ ಸ್ಟೂಲ್ ಹಾಕಿಕೊಂಡು ಕೂತೆ. ಬಸ್ಸಿನ ಹೊತ್ತು ಬಂತು, ಹೋಯಿತು. ಸೊಸೆ ಎರಡು ಸಲ ಊಟಕ್ಕೆ ಕರೆದಳು. ಕೈಯಾಡಿಸಿ ಬೇಡವೆಂದೆ. ಹೊರಗೆ ಅಂಗಡಿಯಲ್ಲಿ ತೆಲುಗಿನಲ್ಲಿ ಬೆಲೆಯ ಚೌಕಾಸಿ, ಕನ್ನಡದಲ್ಲಿ ಬೈಗುಳ, ಮತ್ತೆ ತೆಲುಗಿನಲ್ಲಿ ನಗು. ಅಕ್ಕನ ಉಸಿರು ನಿಧಾನವಾಗುತ್ತ, ಆಳಕ್ಕೆ ಇಳಿಯುತ್ತ ಹೋಯಿತು. ಮಧ್ಯಾಹ್ನದ ಬಿಸಿಲು ಹೊಸಿಲು ದಾಟಿ ಬರುವ ಹೊತ್ತಿಗೆ ಮುಷ್ಟಿ ಎದೆಯಿಂದ ಮೆಲ್ಲಗೆ ಜಾರಿ ಹಾಸಿಗೆಯ ಅಂಚಿಗೆ ಬಂತು. ಯಾರೂ ಮುಟ್ಟದೆ, ಯಾರೂ ಕಾಯುತ್ತಿದ್ದೇನೆಂದು ತೋರಿಸಿಕೊಳ್ಳದೆ, ಬೆರಳುಗಳು ತಾವಾಗಿ ಒಂದೊಂದೇ ಬಿಚ್ಚಿಕೊಂಡವು. ಅಂಗೈಯ ನಡುವೆ ಲಿಂಗ ಕೂತಿತ್ತು. ಸುತ್ತ ಅದರದೇ ಗುಂಡಗಿನ ಅಚ್ಚು ಬಿದ್ದಿತ್ತು.

ಕೈ ಇನ್ನೊಂದು ಬೆರಳಷ್ಟು ಜಾರಿದರೆ ಅಂಚಿನಿಂದಾಚೆ. ನಾನು ಎತ್ತಿ ಕರಡಿಗೆಯಲ್ಲಿ ಇಟ್ಟುಬಿಡಬಹುದಿತ್ತು, ಅರೆಕ್ಷಣದ ಕೆಲಸ. ಅಕ್ಕನಿಗೆ ತಿಳಿಯುತ್ತಲೂ ಇರಲಿಲ್ಲ. ಕೈ ಚಾಚಿದೆ. ಮುಟ್ಟಲಿಲ್ಲ. ನನ್ನ ಎರಡು ಅಂಗೈ ಜೋಡಿಸಿ ಅವಳ ಅಂಗೈಯ ಕೆಳಗೆ ಕೊಟ್ಟು, ಮೊಣಕೈಗಳನ್ನು ಮಂಚದ ಪಟ್ಟಿಗೆ ಊರಿ ಕೂತೆ. ಬೆನ್ನು ನೆಟ್ಟಗಿರಲಿಲ್ಲ. ಒಂದು ನೊಣ ಬಂದು ನನ್ನ ಮೂಗಿನ ಮೇಲೆ ಕೂತಿತು. ಕಾಲು ಜೋಮು ಹಿಡಿಯಿತು. ಬಿಸಿಲು ಮಂಚದ ಕಾಲಿನವರೆಗೆ ಬಂದು ಹಿಂದಕ್ಕೆ ಸರಿಯಿತು.

ಅಕ್ಕನಿಗೆ ಎಚ್ಚರವಾದಾಗ ಅವಳು ಮೊದಲು ತನ್ನ ಅಂಗೈ ನೋಡಿದಳು, ಆಮೇಲೆ ಅದರ ಕೆಳಗಿನ ನನ್ನ ಕೈ, ಆಮೇಲೆ ನನ್ನ ಮುಖ. ಬಲಗೈ ನೀಡಿ ಲಿಂಗವನ್ನು ತೆಗೆದು ಕಣ್ಣಿಗೊತ್ತಿಕೊಂಡು ಕರಡಿಗೆಗೆ ಸೇರಿಸಿದಳು.

"ಬಸ್ಸು ಹೋಯ್ತಾ?"

"ಹೋಯ್ತು."

"ಊಟ ಮಾಡ್ದ್ಯಾ?"

ಇಲ್ಲವೆಂದು ತಲೆಯಾಡಿಸಿದೆ.

"ಏನೇ" ಎಂದು ಅಕ್ಕ ಅಡಿಗೆಮನೆಯ ಕಡೆಗೆ ಕೂಗಿದಳು, "ಇವಳು ನಂಗಿಂತ ಹಟಮಾರಿ ಕಣೇ. ಏನೈತೆ ನೋಡು, ಬಿಸಿ ಮಾಡಿ ಹಾಕು."